ಮುಂದಿನ ಗಾಲಿಯ ತಾಟು

ಅಣ್ಣನ ಗಾಡಿಯ ಮಾತನ್ನು ನಮ್ಮ ಓಣಿಯಲ್ಲಿ ಯಾರೂ ಎತ್ತುವುದಿಲ್ಲ. ರೋಣದಲ್ಲಿ, ನರಗುಂದದಲ್ಲಿ ಎತ್ತುತ್ತಾರೆ. ಮಿಸ್ತ್ರಿ ಕೆಲಸ ಕೆಡಿಸಿದ್ದ ಎಂದು ಕೆಲವರು, ಅಣ್ಣ ಕುಡಿದಿದ್ದ ಎಂದು ಕೆಲವರು. ಎರಡೂ ಸುಳ್ಳು. ಆ ದಿನ ನಾನು ಅಣ್ಣನ ಬೆನ್ನ ಹಿಂದೆಯೇ ಕೂತಿದ್ದೆ. ಆಮೇಲೆ ಗಾಡಿ ಬಿಚ್ಚಿ ನೋಡಿದಾಗಲೂ ಪಕ್ಕದಲ್ಲಿದ್ದೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ನಾವು ಗಜೇಂದ್ರಗಡದ ನೇಕಾರರು. ಅಪ್ಪ ತೀರಿದ ಮೇಲೆ ಮನೆಯಲ್ಲಿ ಎರಡು ಕುಣಿಮಗ್ಗ ಉಳಿದವು, ಒಂದು ಅಣ್ಣನದು, ಒಂದು ನನ್ನದು. ಅವ್ವ ಇಬ್ಬರಿಗೂ ನೂಲು ಸುತ್ತಿ ಕೊಡುತ್ತಿದ್ದಳು. ಒಂದು ವರ್ಷ ಸೀರೆಗೆ ಕೇಳಿಕೆ ಇಲ್ಲದೆ ಅಣ್ಣ ಹತ್ತಿಯ ಸುಗ್ಗಿಯಲ್ಲಿ ರೋಣದ ಕಡೆಯ ಒಂದು ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೂಲಿಗೆ ಹೋದ. ಅಲ್ಲಿ ಎಡಗೈ ಯಂತ್ರದ ಬೆಲ್ಟಿಗೆ ಸಿಕ್ಕಿತು. ಕೈ ಉಳಿಯಿತು. ಆದರೆ ಕಿರುಬೆರಳು ಮತ್ತು ಅದರ ಪಕ್ಕದ್ದು ಮಡಚಲು ಬಾರದೆ ಕಡ್ಡಿಯ ಹಾಗೆ ನಿಂತುಬಿಟ್ಟವು, ಉಳಿದ ಬೆರಳುಗಳಲ್ಲಿ ಹಿಡಿತ ಹೋಯಿತು. ಲಾಳಿ ಎಸೆಯುವ ಕೆಲಸ ಅಲ್ಲಿಗೆ ಮುಗಿಯಿತು. ಅವನು ಮಗ್ಗದ ಕುಣಿಯಿಂದ ಎದ್ದು ಬಂದು, ಅಪ್ಪ ಬಿಟ್ಟುಹೋದ ಹಳೆಯ ಮೋಟಾರ್ ಸೈಕಲ್ಲಿನ ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ಮಾರಲು ಹೊರಟ. ರೋಣ, ನರಗುಂದ, ಶಿರೋಳ, ಹೊಳೆ ಇಳಿದಿದ್ದರೆ ಕೊಣ್ಣೂರಿನವರೆಗೂ ಹೋಗುತ್ತಿದ್ದ. ನಾನು ನೇಯುತ್ತಿದ್ದೆ, ಅವನು ಮಾರುತ್ತಿದ್ದ. ಮನೆ ನಡೆಯುತ್ತಿದ್ದದ್ದು ಹಾಗೆ.

ಆ ಗಾಡಿ ಭಾರ. ಅದರ ಕ್ಲಚ್ಚಿನ ತಂತಿ ಎಳೆಯಲು ಗಟ್ಟಿ ಕೈ ಬೇಕು. ಅಣ್ಣ ಬೆರಳಿನಿಂದ ಆಗದೆ ಮಣಿಕಟ್ಟನ್ನೇ ಹಿಡಿಗೆ ಸಿಕ್ಕಿಸಿ ಎಳೆಯುತ್ತಿದ್ದ. ಸಂಜೆ ಬಂದಾಗ ಮಣಿಕಟ್ಟು ಬಾತಿರುತ್ತಿತ್ತು, ಅವನ ಹೆಂಡತಿ, ನಮ್ಮ ವೈನಿ, ಬಿಸಿನೀರಿನ ಬಟ್ಟೆ ಒತ್ತುತ್ತಿದ್ದಳು. ಮುಂದಿನ ಬ್ರೇಕೂ ಅಷ್ಟಕ್ಕಷ್ಟೇ. ಒಮ್ಮೆ ರೋಣದ ಪೇಟೆಯಲ್ಲಿ ಹೊತ್ತಿಗೆ ಸರಿಯಾಗಿ ಕ್ಲಚ್ಚು ಹಿಡಿಯಲಾಗದೆ ಜೋಳದ ಚೀಲ ತುಂಬಿದ ಎತ್ತಿನ ಚಕ್ಕಡಿಯ ಹಿಂಬದಿಗೆ ಗುದ್ದಿದ. ಆ ದಿನ ನಾನೂ ಜೊತೆಗಿದ್ದೆ, ಗಾಡಿಯನ್ನು ನೂಕಿಕೊಂಡು ಅಲ್ಲೇ ಬಸ್ ನಿಲ್ದಾಣದ ರಸ್ತೆಯಲ್ಲಿದ್ದ ಮಿಸ್ತ್ರಿಯ ಅಂಗಡಿಗೆ ಹೋದೆವು.

ಮಿಸ್ತ್ರಿ ಮುಸಲ್ಮಾನ, ನಮ್ಮ ಅಪ್ಪನ ಕಾಲದಿಂದ ಪರಿಚಯ. ಹುಬ್ಬಳ್ಳಿಯಲ್ಲಿ ಜೀಪುಗಳ ಬ್ರೇಕು ಕಲಿತು ಬಂದವನು. ಕೆಲಸ ಚಲೋ, ಬಾಯಿ ಅದಕ್ಕಿಂತ ಜೋರು. ತನ್ನಂಥ ಕೈಗುಣ ಗದಗಿನಿಂದ ಈಚೆ ಯಾರಿಗೂ ಇಲ್ಲ ಎಂದು ತಾನೇ ಹೇಳಿಕೊಳ್ಳುತ್ತಿದ್ದ.

"ಬರ್ರಿ ಸಾವಕಾರ್ರ, ಇವತ್ತ ಯಾರ ಚಕ್ಕಡಿ ಮುರದು ಬಂದ್ರಿ?"

"ಚಕ್ಕಡಿ ಏನೂ ಆಗಿಲ್ಲೋ ಮಾರಾಯಾ. ಮುರಿಯೂದು ನನ್ನ ಕೈ."

"ಕೊಡ್ರಿ ಇಲ್ಲೆ ಆ ಕೈ." ಅಣ್ಣನ ಎಡಗೈಯೊಳಗೆ ತನ್ನ ಕೈ ಇಟ್ಟ. "ಹಿಚಕ್ರಿ. ಜೋರ್‍ಲೆ ಹಿಚಕ್ರಿ."

"ಹಿಚಕೇನಲ್ಲ."

"ಹೌದ? ನಾ ಇರುವಿ ಹರದಾಡಾಕತ್ತಾವ ಅನಕೊಂಡಿದ್ನಿ."

ಅಣ್ಣ ನಕ್ಕ. ಕೈ ಹಾಳಾದ ಮೇಲೆ ಆ ಕೈಯ ಬಗ್ಗೆ ಯಾರಾದರೂ ಚೇಷ್ಟೆ ಮಾಡಿ ಅವನು ನಕ್ಕದ್ದು ಅದೇ ಮೊದಲು.

ಮಿಸ್ತ್ರಿ ದವಾಖಾನೆಯ ಎರಡು ಪಿಚಕಾರಿ ತಂದ, ಒಂದು ಸಣ್ಣದು, ಒಂದು ದಪ್ಪನೆಯದು. ಎರಡರ ಬಾಯಿಗೂ ಒಂದು ರಬ್ಬರ್ ಕೊಳವೆ ಸಿಕ್ಕಿಸಿದ್ದ, ಒಳಗೆ ನೀರಿತ್ತು. ಸಣ್ಣದನ್ನು ಅಣ್ಣನ ಎಡಗೈಗೆ ಕೊಟ್ಟು, ದಪ್ಪನೆಯದರ ಮೇಲೆ ನಟ್ಟು ಬಿಚ್ಚುವ ಒಂದು ಪಾನಾ ಇಟ್ಟು ಒತ್ತಲು ಹೇಳಿದ. ಅಣ್ಣ ಹೆಬ್ಬೆರಳಿನಿಂದ ಒತ್ತಿದ. ಆಚೆ ಪಾನಾ ಮೆಲ್ಲಗೆ ಮೇಲೆದ್ದಿತು.

"ತಂತಿ ತಗದು ಇದನ್ನ ಹಾಕೂನು. ಕ್ಲಚ್ಚಿಗೂ ಇದ, ಮುಂದಿನ ಬ್ರೇಕಿಗೂ ಇದ. ಈಗಿನ ನಿಮ್ಮ ಬ್ರೇಕ ಹಿಡಿದ್ರ ಗಾಡಿ ನಿಂದ್ರೂದಿಲ್ಲ, ನಿಂದ್ರಲೋ ಬ್ಯಾಡೋ ಅಂತ ವಿಚಾರ ಮಾಡತೈತಿ."

ಅಣ್ಣ ಆ ಪಿಚಕಾರಿಯನ್ನು ಮತ್ತೆ ಮತ್ತೆ ಒತ್ತಿ ನೋಡಿದ. ಅವನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಆ ಕೈಯಿಂದ ಒಂದು ಭಾರ ಏಳುವುದನ್ನು ಅವನು ಬಹಳ ದಿನಗಳ ಮೇಲೆ ನೋಡಿದ್ದ.

ಸಾಮಾನು ಹುಬ್ಬಳ್ಳಿಯ ಗುಜರಿಯಿಂದ ಬಂತು. ಹೊಸ ಕಾಲದ ಯಾವುದೋ ಗಾಡಿಯ ಮುಂದಿನ ಗಾಲಿ, ಅದರ ಪಕ್ಕಕ್ಕೆ ಊಟದ ತಾಟಿನಷ್ಟು ಅಗಲದ ಒಂದು ಕಬ್ಬಿಣದ ಡಿಸ್ಕು. ಹಿಡಿ ಒತ್ತಿದರೆ ಹ್ಯಾಂಡಲ್ಲಿನ ಮೇಲಿನ ಡಬ್ಬಿಯಿಂದ ಬ್ರೇಕ್ ಆಯಿಲ್ ಕೊಳವೆಯಲ್ಲಿ ಇಳಿದು, ಎರಡು ಪ್ಯಾಡುಗಳು ಆ ತಾಟನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುತ್ತವೆ. ಕ್ಲಚ್ಚಿನ ಸಿಲಿಂಡರನ್ನು ಮಿಸ್ತ್ರಿ ಗದಗಿನಲ್ಲಿ ಲೇತಿನ ಮೇಲೆ ಮಾಡಿಸಿ ತಂದು, ಮೊದಲು ತಂತಿ ಎಳೆಯುತ್ತಿದ್ದ ಜಾಗದಲ್ಲಿ ಕೂರಿಸಿದ. ರಬ್ಬರುಗಳು ಮಾತ್ರ ಎಲ್ಲವೂ ಹೊಸವು. ಹಳೆಯ ರಬ್ಬರನ್ನು ನಂಬಬಾರದು ಎನ್ನುತ್ತಿದ್ದ.

ಕೊನೆಗೆ ಕೊಳವೆಯೊಳಗಿನ ಗಾಳಿ ತೆಗೆಯುವ ಕೆಲಸ. ಒಬ್ಬರು ಹಿಡಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ತಿರುಪು ಸಡಿಲಿಸಿ ಗುಳ್ಳೆ ಹೊರಗೆ ಬಿಟ್ಟು ಮತ್ತೆ ಬಿಗಿಯಬೇಕು. ಕ್ಲಚ್ಚಿನ ಹಿಡಿಯನ್ನು ತಾನೇ ಒತ್ತುತ್ತೇನೆಂದು ಅಣ್ಣ ಹಟ ಹಿಡಿದ. ಗುಳ್ಳೆ ನಿಂತು ಆಯಿಲ್ ಎಳೆಯಾಗಿ ಬರುವವರೆಗೂ ಅವನು ಕೈ ಬಿಡಲಿಲ್ಲ. ಅದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಮುಂದೆ ಇದೇ ಮಾತು ಬಂದದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ: ಕೊಳವೆಯಲ್ಲಿ ಗಾಳಿ ಇರಲಿಲ್ಲ.

ಆಮೇಲೆ ಮಿಸ್ತ್ರಿ ನಮ್ಮನ್ನು ನರಗುಂದದ ರಸ್ತೆಗೆ ಕರೆದುಕೊಂಡು ಹೋದ. ತನ್ನ ಒಂದು ಚಪ್ಪಲಿ ಬಿಟ್ಟು ರಸ್ತೆಯ ನಡುವೆ ಇಟ್ಟ.

"ಜೋರ್‍ಲೆ ಬರ್ರಿ. ಇದರ ಮುಂದ ನಿಂದರ್ರಿ. ಚಪ್ಲಿ ತುಳಿದ್ರ ಹೊಸಾವು ಕೊಡಸಬೇಕು ನೋಡ್ರಿ ಮತ್ತ."

ಅಣ್ಣ ದೂರದಿಂದ ಬಂದ. ಬಲಗೈ ಮುಚ್ಚಿತು. ಗಾಡಿ ಮೂಗು ತಗ್ಗಿಸಿ ಚಪ್ಪಲಿಗಿಂತ ಒಂದು ಗೇಣು ಈಚೆಗೆ ನಿಂತಿತು. ಮತ್ತೆ ಹೋಗಿ ಮತ್ತೆ ಬಂದ. ಮತ್ತೆ ನಿಂತಿತು. ಎಡಗೈಯಿಂದ ಕ್ಲಚ್ಚು ಹಿಡಿದು ಬಿಟ್ಟು, ಹಿಡಿದು ಬಿಟ್ಟು ತೋರಿಸಿದ. ಮಿಸ್ತ್ರಿ ಒಂಟಿ ಕಾಲಿನಲ್ಲಿ ಕುಂಟುತ್ತ ಚಪ್ಪಲಿ ಮೆಟ್ಟಿಕೊಂಡು, "ಅಯ್ಯ, ಹೊಸಾ ಚಪ್ಲಿ ಹೋತಲ್ಲ ನಂದು" ಎಂದ.

ಗಾಡಿ ಮನೆಗೆ ಬಂದದ್ದು ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ಹಿಂದಿನ ದಿನ. ಅವ್ವ ಬಾಗಿಲಿಗೆ ಬಂದು ಸುತ್ತಲೂ ನೋಡಿದಳು. ಮುಂದಿನ ಗಾಲಿಯ ಹತ್ತಿರ ಬಗ್ಗಿದಳು.

"ಈ ತಾಟು ಹಿಂಗ ಬತ್ತಲೆ ಇರೂದೇನೋ? ಮ್ಯಾಲ ಏನೂ ಮುಚ್ಚಂಗಿಲ್ಲ?"

"ಅದು ಹಾಂಗ ಇರೂದ ಬೇ."

"ಜಂಗ ಹಿಡೀತೈತಲ್ಲೋ."

"ಹಿಡೀಲಿ ಬಿಡಬೇ" ಎಂದು ಅಣ್ಣ ಒಳಗೆ ಹೋದ.

ನೇಕಾರರ ಮನೆಯಲ್ಲಿ ಜಂಗು, ಅಂದರೆ ತುಕ್ಕು, ಎಷ್ಟು ಕೆಟ್ಟದ್ದು ಎನ್ನುವುದನ್ನು ಹೇಳಬೇಕು. ಮಗ್ಗದಲ್ಲಿ ಹೊಕ್ಕಿನ ನೂಲನ್ನು ಗಟ್ಟಿಸುವ ಹಣಿಗೆಯ ಹಲ್ಲುಗಳು ಸಣ್ಣ ತಂತಿಯವು. ಅವುಗಳಲ್ಲಿ ಒಂದಕ್ಕೆ ಜಂಗು ಹತ್ತಿದರೂ ಸೀರೆಯ ಉದ್ದಕ್ಕೂ ಕೆಂಪು ಗೆರೆ ಬೀಳುತ್ತದೆ, ತೊಳೆದರೆ ಹೋಗುವುದಿಲ್ಲ. ಅದಕ್ಕೆ ಅವ್ವ ಮದುವೆಯಾಗಿ ಬಂದ ದಿನದಿಂದ ಮನೆಯ ಕಬ್ಬಿಣವನ್ನೆಲ್ಲ ಕುಸುಬಿ ಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದಳು. ಹಣಿಗೆ, ಕತ್ತರಿ, ಮಗ್ಗದ ಮೊಳೆ, ಕುಡಗೋಲು, ಯಾವುದನ್ನೂ ಬಿಡುತ್ತಿರಲಿಲ್ಲ. ಖಂಡೇಪೂಜೆಯ ದಿನವಂತೂ ಎಣ್ಣೆ ಕಾಣದ ಕಬ್ಬಿಣಕ್ಕೆ ಹೂವು ಏರಿಸುವಂತಿರಲಿಲ್ಲ. ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ಹಾಗೇ. ಅಣ್ಣ ಬಿಟ್ಟ ಮಗ್ಗಕ್ಕೆ ಕೂಡ ಅವಳು ಆ ದಿನ ಎಣ್ಣೆ ತೀಡಿ, ವಿಭೂತಿ ಹಚ್ಚಿ, ಎರಡು ಚೆಂಡು ಹೂವು ಇಡುತ್ತಿದ್ದಳು.

ಪೂಜೆಯ ದಿನ ಬೆಳಿಗ್ಗೆ ಅಣ್ಣ ಗಾಡಿ ತೊಳೆದು ಬಿಸಿಲಿಗೆ ನಿಲ್ಲಿಸಿ ಜಳಕಕ್ಕೆ ಹೋದ. ನಾನು ಒಳಗೆ ಮಗ್ಗಕ್ಕೆ ಬಾಳೆಕಂದು ಕಟ್ಟುತ್ತಿದ್ದೆ. ಹೊರಗೆ ಬಂದಾಗ ಗಾಡಿ ಸಿಂಗಾರವಾಗಿ ನಿಂತಿತ್ತು. ದೀಪದ ಮೇಲೆ ಹಾರ, ಪೆಟ್ರೋಲ್ ಟಾಕಿಯ ಮೇಲೆ ವಿಭೂತಿ, ಮುಂದಿನ ತಾಟಿನ ಮೇಲೆ ಕುಂಕುಮ. ತಾಟು ಹೊಸ ಹಣಿಗೆಯ ಹಾಗೆ ಹೊಳೆಯುತ್ತಿತ್ತು. ಚಂದ ಕಾಣುತ್ತದೆ ಎಂದುಕೊಂಡೆ. ಅಷ್ಟೇ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು, ಅಣ್ಣ ಅದರ ಮೇಲೆ ಗಾಡಿ ದಾಟಿಸಿದ.

ಪೂಜೆಯಾದ ಗಾಡಿಯ ಮೊದಲ ಸವಾರಿ ದೇವರ ಕಡೆಗೆ. ನಮ್ಮ ಊರ ಗುಡ್ಡದ ಮೇಲೆ ಆಗ ಕರೆಂಟು ಮಾಡುವ ಗಾಳಿ ಫ್ಯಾನುಗಳನ್ನು ನಿಲ್ಲಿಸುತ್ತಿದ್ದರು. ಅದಕ್ಕೆ ಅಂತ ಜಲ್ಲಿಯ ಕಡಿ ಹಾಸಿ ಹೊಸ ರಸ್ತೆ ಮಾಡಿದ್ದರು. ಆ ರಸ್ತೆಯ ತುದಿಯಲ್ಲಿ ಒಂದು ಸಣ್ಣ ಗುಡಿ ಇದೆ. ಅಣ್ಣ, ಹಿಂದೆ ನಾನು, ನನ್ನ ಕೈಯಲ್ಲಿ ಕಾಯಿಯ ಚೀಲ. ಓಣಿಯಲ್ಲಿ ಮೆಲ್ಲಗೆ ಹೋದೆವು, ಕಾಲಿನಿಂದ ಒತ್ತುವ ಹಿಂದಿನ ಬ್ರೇಕೇ ಸಾಕಾಯಿತು. ಮುಂದೆ ಬರೀ ಏರು. ಏರಿನಲ್ಲಿ ಯಾರೂ ಬ್ರೇಕು ಹಿಡಿಯುವುದಿಲ್ಲ. ಅಣ್ಣ ಗೇರು ಬದಲಿಸುವಾಗಲೆಲ್ಲ ಎಡಗೈ ಎತ್ತಿ ನನಗೆ ತೋರಿಸುತ್ತಿದ್ದ. ಕಾಯಿ ಒಡೆಸಿದೆವು, ಬುತ್ತಿ ತಿಂದೆವು, ಇಳಿಯಲು ಹೊರಟೆವು.

ಮೊದಲ ತಿರುವಿಗೆ ಮೊದಲು ಅಣ್ಣನ ಬಲಗೈ ಮುಚ್ಚಿದ್ದನ್ನು ಹೆಗಲ ಮೇಲಿಂದ ಕಂಡೆ. ಗಾಡಿ ಮೂಗು ತಗ್ಗಿಸಲಿಲ್ಲ. ಅವನು ಇನ್ನೂ ಬಿಗಿಯಾಗಿ ಹಿಡಿದ. ಏನೂ ಆಗಲಿಲ್ಲ. ಕಾಲಿನ ಬ್ರೇಕು ಒತ್ತಿದ. ಹಿಂದಿನ ಗಾಲಿ ಕಡಿಯ ಮೇಲೆ ಜಾರಿ ಅಡ್ಡ ತಿರುಗಿತು. ಕಾಲು ತೆಗೆದ. "ಹಿಡೀವಲ್ದು" ಎಂದ. ಕೂಗಲಿಲ್ಲ, ನನಗೆ ಹೇಳಿದ ಹಾಗೆ ಹೇಳಿದ. ಆಮೇಲೆ ಎರಡೂ ಕೈ ಒಟ್ಟಿಗೆ ಮುಚ್ಚಿದವು, ಬಲಗೈ ಬ್ರೇಕಿನ ಮೇಲೆ, ಎಡಗೈ ಕ್ಲಚ್ಚಿನ ಮೇಲೆ. ಎಂಜಿನ್ನಿನ ಸದ್ದು ಒಮ್ಮೆಗೇ ತಗ್ಗಿತು. ಅಲ್ಲಿಂದ ಮುಂದೆ ನನಗೆ ಕೇಳಿಸಿದ್ದು ಗಾಳಿ ಮಾತ್ರ. ಗಾಡಿ ಮೊದಲಿಗಿಂತ ಹಗುರಾಗಿ, ಮೊದಲಿಗಿಂತ ಜೋರಾಗಿ ಇಳಿಯಿತು. ತಿರುವಿನಲ್ಲಿ ಒಂದು ಗಡಿಕಲ್ಲು ಇತ್ತು. ನಾನು ಮುಳ್ಳಿನ ಕಂಟಿಯೊಳಗೆ ಬಿದ್ದೆ. ಎದ್ದು ನೋಡಿದಾಗ ಅಣ್ಣನ ಬಲಗಾಲು ಗಾಡಿಗೂ ಕಲ್ಲಿಗೂ ನಡುವೆ ಇತ್ತು. ಗಾಡಿಯನ್ನು ಒಬ್ಬನೇ ಎತ್ತಲು ಆಗಲಿಲ್ಲ. ಫ್ಯಾನಿನ ಕೆಲಸದವರು ಓಡಿ ಬರುವವರೆಗೆ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಎಡಗೈಯ ಮಡಚುವ ಬೆರಳುಗಳು ಕ್ಲಚ್ಚು ಹಿಡಿದ ಹಾಗೆ ಇನ್ನೂ ಮಡಚಿಯೇ ಇದ್ದವು.

ಗದಗಿನ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಎಚ್ಚರವಾದ ಮೇಲೆ ನೋಡಲು ಬಂದವರಿಗೆಲ್ಲ ಅಣ್ಣ ಹೇಳಿದ್ದು ಒಂದೇ ಮಾತು. "ಮಿಸ್ತ್ರಿ ಪೈಪಿನ್ಯಾಗ ಗಾಳಿ ಬಿಟ್ಟಾನ. ಬ್ರೇಕ ಇದ್ದಿಲ್ಲ." ಗಾಳಿ ಇರಲಿಲ್ಲ ಎಂದು ನಾನು ಹೇಳಿದೆ. "ಹಂಗಾರ ಯಾಕ ಹಿಡೀಲಿಲ್ಲ? ಹೇಳು" ಎಂದ. ಅವನ ಗಾಳಿಯ ಮಾತು ಬಸ್ಸಿನಲ್ಲಿ ರೋಣಕ್ಕೆ ಹೋಯಿತು, ನರಗುಂದಕ್ಕೆ ಹೋಯಿತು. ನೇಕಾರರ ಹುಡುಗನ ಕಾಲು ತೆಗೆದ ಮಿಸ್ತ್ರಿ ಎಂದು ಹೆಸರು ಬಂತು. ಅವನ ಅಂಗಡಿಯಲ್ಲಿ ಬಿಚ್ಚಿಟ್ಟ ಗಾಡಿಗಳನ್ನು ಜನ ಬಿಚ್ಚಿದ ಹಾಗೆಯೇ ಟೆಂಪೋದಲ್ಲಿ ಹಾಕಿಕೊಂಡು ಬೇರೆ ಕಡೆ ಒಯ್ದರು. ಮಿಸ್ತ್ರಿ ಒಬ್ಬರ ಕೈಯಲ್ಲಿ ಹೇಳಿಕಳಿಸಿದ: ನಾನು ಬರುವವರೆಗೆ ಗಾಡಿ ಯಾರೂ ಮುಟ್ಟಬಾರದು, ತಪ್ಪು ನನ್ನದಾಗಿದ್ದರೆ ಅಂಗಡಿ ಮುಚ್ಚಿ ಹೋಗುತ್ತೇನೆ.

ಅಣ್ಣ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಮಿಸ್ತ್ರಿ ಬಂದ. ಓಣಿಯ ಹಿರಿಯರು ನಮ್ಮ ಕಟ್ಟೆಯ ಮೇಲೆ, ಗಾಡಿಯ ಎದುರು ಕೂತಿದ್ದರು. ಅಣ್ಣ ಒಳಗೆ, ಕಿಟಕಿಯ ಹತ್ತಿರದ ಮಂಚದ ಮೇಲೆ. ಮಿಸ್ತ್ರಿ ಆ ದಿನ ಚೇಷ್ಟೆಯ ಮಾತು ಒಂದೂ ಆಡಲಿಲ್ಲ.

"ಹಿರ್‍ಯಾರ, ನೀವ ಹಿಡಿ ಹಿಡದ ನೋಡ್ರಿ."

ಒಬ್ಬ ಹಿರಿಯರು ಬ್ರೇಕಿನ ಹಿಡಿ ಒತ್ತಿದರು. "ಕಲ್ಲ ಆಗೇತಲ್ಲೋ" ಎಂದರು.

"ಗಾಳಿ ಇದ್ರ ಮೆತ್ತಗ ಇರತೈತ್ರಿ." ಕೆಳಗಿನ ತಿರುಪು ಬಿಚ್ಚಿದ. ಆಯಿಲ್ ಎಳೆಯಾಗಿ ಬಂತು, ಗುಳ್ಳೆ ಇರಲಿಲ್ಲ. ತಿರುಪು ಬಿಗಿದ. ನನಗೆ ಹಿಡಿ ಒತ್ತಿ ಹಿಡಿಯಲು ಹೇಳಿ, ಮುಂದಿನ ಗಾಲಿಯನ್ನು ಎರಡೂ ಕೈಯಿಂದ ತಿರುವಿದ. ಸೊಟ್ಟಗಾದ ಗಾಲಿ ಜಾರಿ ತಿರುಗಿತು. ಅವನ ಮುಖ ಬದಲಾಯಿತು. ಪ್ಯಾಡುಗಳನ್ನು ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡ. ಬೆರಳಿನಿಂದ ತೀಡಿ ಮೂಸಿದ. ನನ್ನ ಮೂಗಿಗೆ ಹಿಡಿದ. ಅಡುಗೆಮನೆಯ ವಾಸನೆ. ಪ್ಯಾಡಿನ ಅಂಚಿನಲ್ಲಿ ಕೆಂಪು ಕೆಸರಿನಂಥದ್ದು ಮೆತ್ತಿತ್ತು.

"ಎಣ್ಣಿ" ಎಂದ ಮಿಸ್ತ್ರಿ. "ಎಣ್ಣಿ ಕುಡದಾವು ಇವು. ಎಂಥಾ ಬ್ರೇಕ ಇದ್ರೂ ಹಿಡಿಯೂದಿಲ್ಲ. ಇದು ನನ್ನ ಅಂಗಡ್ಯಾಗ ಹತ್ತಿದ್ದಲ್ರಿ ಹಿರ್‍ಯಾರ. ನನ್ನ ಅಂಗಡ್ಯಾಗ ಕುಸುಬಿ ಎಣ್ಣಿ ಎಲ್ಲಿಂದ ಬರಬೇಕು? ಯಾರ ಹಚ್ಚ್ಯಾರ ಕೇಳ್ರಿ."

ಅವ್ವ ಆಗಲೇ ಚಹಾದ ತಾಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಎಣ್ಣೆ ಎಂಬುದಷ್ಟೇ ಅವಳಿಗೆ ಕೇಳಿಸಿತ್ತೋ ಏನೋ.

"ಅದು ನಾ ಹಚ್ಚಿದ್ದಪಾ. ಪೂಜಿ ದಿನ ಮುಂಜಾನಿ ತೊಳದು ನಿಂದ್ರಿಸಿದ್ದ, ನೋಡತೇನಿ, ಕೆಂಪಗ ಜಂಗ ಎದ್ದಿತ್ತು. ಹೊಸಾ ಸಾಮಾನ, ನನ್ನ ಕೂಸಿನ ಕೈಗೆ ಆಸರ ಆಗಿ ಬಂದದ್ದು, ಹಾಂಗ ಬಿಡಾಕ ಬರತೈತೇನು? ಬಟ್ಟಿ ಒಳಗ ತೂರಿಸಿ ಎರಡೂ ಬಾಜು ಚಂದಾಗಿ ಒರಿಸಿ ಕುಂಕುಮ ಇಟ್ಟೆ." ಎಲ್ಲರ ಮುಖ ನೋಡಿದಳು. "ಯಾಕ, ಎಣ್ಣಿ ಕಡಿಮಿ ಬಿತ್ತೇನು?"

ಹಿಡಿ ಒತ್ತಿದ್ದ ಹಿರಿಯರು ತಮ್ಮ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ಮಿಸ್ತ್ರಿ ಪ್ಯಾಡುಗಳನ್ನು ಹಿಡಿದುಕೊಂಡು ಕುಕ್ಕರಗಾಲಿನಲ್ಲಿ ಹಾಗೇ ಇದ್ದ. ಆಗ ಕಿಟಕಿಯೊಳಗಿಂದ ಅಣ್ಣನ ದನಿ ಬಂತು.

"ಅವ್ವಾ, ಚಾ ಆರತೈತಿ. ಕೊಡು ಅವರಿಗೆ."

ಅವ್ವ ಚಹಾ ಕೊಡಲು ಶುರುಮಾಡಿದಳು. ಮಿಸ್ತ್ರಿಯ ಹತ್ತಿರ ಬಂದಾಗ ಅವನ ಅಂಗೈಯನ್ನು ನೋಡಿದಳು, ಗಾಲಿಯನ್ನು ನೋಡಿದಳು. ಚಹಾದ ತಾಟನ್ನು ನೆಲಕ್ಕಿಟ್ಟಳು.

"ಅದಕ್ಕ ಎಣ್ಣಿ ಹಚ್ಚಬಾರದೇನಪಾ?"

"ಇಲ್ರಿ ಅಮ್ಮಾರ."

"ಯಾರೂ ಹೇಳಲಿಲ್ಲಲ್ಲ."

"ಹೌದ್ರಿ" ಎಂದ ಅವನು. "ನಾನೂ ಹೇಳಲಿಲ್ಲ. ಹೇಳಬೇಕು ಅಂತ ಹೊಳೀಲಿಲ್ರಿ."

ಅವನು ಚಹಾ ಕುಡಿಯಲಿಲ್ಲ. ಪ್ಯಾಡುಗಳನ್ನು ಒಂದು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ. ನಾನು ಬಸ್ಸಿಗೆ ಬಿಡಲು ಜೊತೆಗೆ ಹೋದೆ. ದಾರಿಯಲ್ಲಿ, "ಇದನ್ನ ರೋಣದಾಗ ತೋರಸಬೇಕಾಗತೈತಿ, ತಪ್ಪ ತಿಳೀಬ್ಯಾಡ್ರಿ" ಎಂದ. ಅವನ ಅಂಗಡಿ ಉಳಿಯಬೇಕಿತ್ತು, ತೋರಿಸಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. "ಯಾರ ಹಚ್ಚಿದ್ರು ಅಂತ ಕೇಳಿದ್ರ, ಪೂಜ್ಯಾಗ ಹತ್ತೇತಿ ಅಂತೀನಿ. ಅದರ ಮ್ಯಾಲ ನಾ ಹೇಳೂದಿಲ್ಲ." ಸ್ವಲ್ಪ ದೂರ ನಡೆದ ಮೇಲೆ ಕೇಳಿದ, "ಇಳಿಯೂ ಮುಂದ ಅಣ್ಣಾರು ಕ್ಲಚ್ಚೂ ಹಿಡದಿದ್ರೇನು?" ಎರಡೂ ಕೈ ಮುಚ್ಚಿದ್ದನ್ನು, ಸದ್ದು ತಗ್ಗಿದ್ದನ್ನು ಹೇಳಿದೆ. ಅವನು ನಿಂತುಬಿಟ್ಟ. "ಎಂಜಿನ್ನ ಹಿಡಕೋತಿತ್ತು" ಎಂದ. "ಕ್ಲಚ್ಚ ಬಿಟ್ಟಿದ್ರ ಎಂಜಿನ್ನ ಗಾಲಿ ಹಿಡಕೋತಿತ್ತು, ಗಾಡಿ ಸಾವಕಾಶ ಆಗತಿತ್ತು."

ಇದನ್ನು ಅಣ್ಣನಿಗೆ ಹೇಳುವುದು ಹೇಗೆಂದು ನಾನು ಯೋಚಿಸುತ್ತ ಮನೆಗೆ ಬಂದೆ. ಹೇಳುವ ಅಗತ್ಯ ಬೀಳಲಿಲ್ಲ. ಮಲಗಿದಲ್ಲೇ ಅವನು ಅದನ್ನು ತಿಳಿದುಕೊಂಡಿದ್ದ. ಎಡಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಹೇಳಿದ, "ಹಳೇ ತಂತಿ ಇದ್ದಿದ್ರ ಈ ಕೈಲೆ ಅಷ್ಟ ಲಗೂ ಕ್ಲಚ್ಚ ಹಿಡಿಯಾಕ ಆಗತಿದ್ದಿಲ್ಲ."

ಮಿಸ್ತ್ರಿಯ ಅಂಗಡಿ ಉಳಿಯಿತು. ಖಂಡೇಪೂಜೆ ಬಂತೆಂದರೆ ಅವನು ತನ್ನಲ್ಲಿಗೆ ಬಂದ ಪ್ರತಿ ಗಾಡಿಯ ಡಿಸ್ಕಿಗೂ ಒಂದು ಬಟ್ಟೆ ಸುತ್ತಿ ದಾರ ಕಟ್ಟಿ ಕಳಿಸುತ್ತಿದ್ದ. ಹಬ್ಬ ಮುಗಿದ ಮೇಲೆ ಬಿಚ್ಚಿರಿ ಎನ್ನುತ್ತಿದ್ದ. ಮಿಸ್ತ್ರಿ ಗಾಡಿಗೆ ಲಂಗೋಟಿ ಕಟ್ಟತಾನ ಎಂದು ರೋಣದ ಮಂದಿ ನಗುತ್ತಿದ್ದರು. ಅವನು ತಿರುಗಿ ಏನೂ ಅನ್ನುತ್ತಿರಲಿಲ್ಲವಂತೆ. ಪ್ಯಾಡು ತೋರಿಸಿದ ಮೇಲೆಯೂ ನಂಬದವರು ಇದ್ದೇ ಇದ್ದರು, ಅಂಥವರಿಂದಲೇ ಆ ಮಾತುಗಳು ಈಗಲೂ ಉಳಿದಿವೆ.

ಅಣ್ಣ ಮರುವರ್ಷ ಕಂಕುಳಲ್ಲಿ ಕೋಲು ಇಟ್ಟುಕೊಂಡು ಓಡಾಡುವಂತಾದ. ಅವ್ವನನ್ನು ಅವನು ಒಂದು ಮಾತೂ ಅನ್ನಲಿಲ್ಲ, ಅವಳೂ ಅವನೆದುರು ಆ ಮಾತು ತೆಗೆಯಲಿಲ್ಲ. ಖಂಡೇಪೂಜೆ ಬಂದಾಗ ಅವ್ವ ಹೂವು, ಹಣ್ಣು, ಊದಿನಕಡ್ಡಿ ಎಲ್ಲ ತಂದಿಟ್ಟಳು. ಎಣ್ಣೆಯ ಬಟ್ಟಲು ತರಲಿಲ್ಲ. ನಾನೇ ಬಟ್ಟಲು ತಂದು ನನ್ನ ಮಗ್ಗಕ್ಕೆ ಎಣ್ಣೆ ತೀಡಿಕೊಂಡೆ. ಅಣ್ಣನ ಮಗ್ಗದ ಕಡೆ ತಿರುಗಿದಾಗ, "ಅದನ್ನ ಬಿಡು" ಎಂದಳು. ಅಣ್ಣ ಕೋಲು ಊರಿಕೊಂಡು ಬಂದ. ಬಟ್ಟಲನ್ನು ಎಡಗೈಯಲ್ಲಿ ಎತ್ತಿಕೊಂಡು ಅವಳ ಮುಂದೆ ಹಿಡಿದ.

"ನೀನ ಹಚ್ಚಬೇ. ವರ್ಷಾ ನೀನ ಹಚ್ಚತಿದ್ದಿ."

ಬೆರಳಲ್ಲಿ ಕಸುವಿಲ್ಲದೆ ಬಟ್ಟಲು ನಡುಗುತ್ತಿತ್ತು, ಎಣ್ಣೆ ಅಂಚಿಗೆ ಬರುತ್ತಿತ್ತು. ಅವ್ವ ಅದನ್ನು ನೋಡಿದಳು. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಅಣ್ಣ ಬಟ್ಟಲನ್ನು ಗೋಡೆಯ ಗೂಡಿನಲ್ಲಿಟ್ಟ.

ಆ ಮಗ್ಗವನ್ನು ಆಮೇಲೆ ಯಾರೂ ಮುಟ್ಟಲಿಲ್ಲ. ಅದರ ಹಣಿಗೆ ಈಗ ಪೂರ್ತಿ ಕೆಂಪಾಗಿದೆ. ಹಾದುಹೋಗುವಾಗ ಕೈ ತಾಗಿದರೆ ಬೆರಳಿಗೆ ಹತ್ತುತ್ತದೆ.